ಹೋಗುವ ನೀರಿನ ಚರಿತ್ರೆ: ಹಳ್ಳಿಯ ಬಚ್ಚಲಿನಿಂದ ಇಂಗುಗುಂಡಿಯವರೆಗೆ

ಕನ್ನಡ ನಾಡಿನಲ್ಲಿ ಊರಿಗೆ ಬರುವ ನೀರಿಗೆ ಉದ್ದದ ಚರಿತ್ರೆಯಿದೆ. ಐದನೆಯ ಶತಮಾನದ ತಾಳಗುಂದದ ಶಾಸನವು ಕದಂಬ ಕಾಕುಸ್ಥವರ್ಮನು ದೇವಾಲಯದ ಬಳಿ ಕಟ್ಟಿಸಿದ ಕೆರೆಯನ್ನು ನೆನೆಯುತ್ತದೆ; ಅದರ ಮುಂದಿನ ಶತಮಾನಗಳ ನೂರಾರು ಶಾಸನಗಳು ಕೆರೆ ಕಟ್ಟಿಸಿದವರನ್ನೂ ಒಡೆದ ಏರಿಯನ್ನು ನಿಲ್ಲಿಸಿದವರನ್ನೂ ಹೆಸರಿಟ್ಟು ಕೀರ್ತಿಸಿ, ಕೆರೆಯ ದುರಸ್ತಿಗಾಗಿ ಬಿಟ್ಟ ಬಿತ್ತುವಟ್ಟ, ಕೆರೆಗೊಡಗೆ ಎಂಬ ದತ್ತಿಗಳನ್ನು ಕಲ್ಲಿನ ಮೇಲೆ ಬರೆದಿಟ್ಟಿವೆ. ಹಳೆಯ ಮೈಸೂರು ಸೀಮೆಯ ಹನ್ನೆರಡು ಆಯಗಾರರಲ್ಲಿ, ಎಂದರೆ ಸುಗ್ಗಿಯ ಕಣದಲ್ಲಿ ಧಾನ್ಯದ ಪಾಲು ಪಡೆದು ಊರಿನ ಕೆಲಸ ನಡೆಸುತ್ತಿದ್ದ ಕಸುಬುದಾರರಲ್ಲಿ, ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಗೆ ಗೊತ್ತಾದ ಸ್ಥಾನವಿತ್ತು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನಕ್ಕೆ ನೀರೊದಗಿಸಲು ತೋಡಿದ ಬಾವಿ ಕಾಂಗ್ರೆಸ್ ಬಾವಿ ಎಂಬ ಹೆಸರಿನಲ್ಲಿ ಸ್ಮಾರಕವಾಗಿ ಉಳಿದಿದೆ. 1980ರ ದಶಕದಲ್ಲಿ ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸಿದ ಸಚಿವ ಅಬ್ದುಲ್ ನಜೀರ್ ಸಾಬ್ ಅವರನ್ನು ಜನ ‘ನೀರ್ ಸಾಬ್’ ಎಂದೇ ಕರೆದರು. ಹೀಗೆ ಬಂದ ನೀರು ಕೈಕಾಲು, ಪಾತ್ರೆ, ಬಟ್ಟೆಗಳನ್ನು ತೊಳೆದಮೇಲೆ ಎಲ್ಲಿಗೆ ಹೋಯಿತು, ಅದನ್ನು ಯಾರು ನೋಡಿಕೊಂಡರು ಎಂಬುದಕ್ಕೆ ಮಾತ್ರ ದತ್ತಿಯ ಕಲ್ಲೂ ಇಲ್ಲ, ಬಿರುದೂ ಇಲ್ಲ. ಆ ಚರಿತ್ರೆಯನ್ನು ಮನೆಗಳ ಹಿತ್ತಿಲಲ್ಲಿ, ಆಡುಮಾತಿನ ಪದಗಳಲ್ಲಿ, ತಿಪ್ಪೆಗುಂಡಿಯಲ್ಲಿ ಹುಡುಕಿ ಕೂಡಿಸಬೇಕಾಗುತ್ತದೆ.

ಈ ಹುಡುಕಾಟ ‘ಬಚ್ಚಲು’ ಎಂಬ ಮಾತಿನಿಂದ ಆರಂಭವಾಗುವುದು ಸಹಜ. ಕನ್ನಡದಲ್ಲಿ ಬಚ್ಚಲು ಎಂದರೆ ಸ್ನಾನದ ಜಾಗವೂ ಹೌದು, ಅಲ್ಲಿಂದ ಹೊರಬೀಳುವ ಕೊಳೆನೀರಿನ ಹಾದಿಯೂ ಹೌದು, ಆ ನೀರು ನಿಲ್ಲುವ ಗುಂಡಿಯೂ ಹೌದು. ನೀರನ್ನು ಬಳಸುವ ಸ್ಥಳವನ್ನೂ ಬಳಸಿದ ನೀರಿನ ನೆಲೆಯನ್ನೂ ಒಂದೇ ಪದ ಹಿಡಿದಿಟ್ಟಿರುವುದು ಮನೆಯ ಕಟ್ಟಡದ ಕ್ರಮಕ್ಕೆ ಸರಿಯಾಗಿಯೇ ಇದೆ; ಏಕೆಂದರೆ ಹಳೆಯ ಮನೆಯಲ್ಲಿ ಹಂಡೆಯೊಲೆ, ಮೀಯುವ ಹಾಸುಗಲ್ಲು, ಗೋಡೆಯ ಬುಡದ ತೂತು, ಹೊರಗಿನ ಬಾಳೆಯ ಬುಡ ಇವೆಲ್ಲ ಹತ್ತು ಹೆಜ್ಜೆಯೊಳಗೆ ಒಂದರ ಹಿಂದೊಂದು ಬರುತ್ತಿದ್ದವು, ನೀರು ಮನೆಯವರ ಕಣ್ಣಿಗೆ ಮರೆಯಾಗುವ ಮೊದಲೇ ಅದರ ಪಯಣ ಮುಗಿದಿರುತ್ತಿತ್ತು. ಪೇಟೆಯವರ ಚರಂಡಿ, ಮೋರಿ, ಉತ್ತರ ಕರ್ನಾಟಕದ ಗಟಾರ ಎಂಬ ಮಾತುಗಳ ಸ್ವಭಾವವೇ ಬೇರೆ. ಅವು ನೀರನ್ನು ದೂರಕ್ಕೆ ಸಾಗಿಸುವ ಕಾಲುವೆಯನ್ನು ಹೇಳುತ್ತವೆ, ಅದು ತಲುಪುವ ಜಾಗವನ್ನು ಹೇಳುವುದಿಲ್ಲ.

ಹಳೆಯ ಒಕ್ಕಲು ಮನೆಯಲ್ಲಿ ಬಳಸಿದ ನೀರೆಲ್ಲ ಒಂದಾಗಿ ಸೇರುತ್ತಿರಲಿಲ್ಲ. ಅಕ್ಕಿ, ಬೇಳೆ ತೊಳೆದ ನೀರಿಗೆ ಅಕ್ಕಚ್ಚು ಎಂದೂ, ಅದಕ್ಕೆ ಗಂಜಿ, ತರಕಾರಿಯ ಸಿಪ್ಪೆ, ಉಳಿದ ಅನ್ನ ಸೇರಿದಾಗ ಕಲಗಚ್ಚು ಎಂದೂ ಹೆಸರು. ಇದು ಕಲ್ಲಿನ ಬಾನಿಯಲ್ಲಿ ನಿಂತು ಸಂಜೆಗೆ ದನದ ಪಾಲಾಗುತ್ತಿತ್ತು. ಇಂದಿನ ಎಂಜಿನಿಯರುಗಳ ಲೆಕ್ಕದಲ್ಲಿ ಅಡುಗೆಮನೆಯ ನೀರೇ ಮನೆಯ ಕೊಳೆನೀರಿನಲ್ಲಿ ಅತಿ ಗಟ್ಟಿಯಾದ ಭಾಗ, ಏಕೆಂದರೆ ಕೊಳೆಯುವ ಪಿಷ್ಟ, ಜಿಡ್ಡುಗಳೆಲ್ಲ ಅದರಲ್ಲಿರುತ್ತವೆ. ಆ ಭಾಗವನ್ನು ಬಚ್ಚಲಿಗೆ ಸೇರಿಸದೆ ಹಸುವಿಗೆ ಕುಡಿಸಿದ್ದರಿಂದ ಉಳಿದ ನೀರು ತೆಳುವಾಗಿ ಉಳಿಯಿತು. ಎಂಜಲು ಪಾತ್ರೆ ಉಜ್ಜಿದ ಮುಸುರೆ ನೀರು ಬೇರೆಯದೇ ಹಾದಿ ಹಿಡಿಯುತ್ತಿತ್ತು. ಮಡಿ ಮೈಲಿಗೆಯ ಕಟ್ಟಳೆ ಅದನ್ನು ಮೀಯುವ ನೀರಿನಿಂದ ದೂರವಿಟ್ಟಿತ್ತು, ಆ ಕಟ್ಟಳೆಯ ಫಲವಾಗಿ ಬೂದಿ ಬೆರೆತ ಈ ನೀರು ನೇರವಾಗಿ ತಿಪ್ಪೆಗೋ ತೆಂಗಿನ ಪಾತಿಗೋ ಹೋಗುತ್ತಿತ್ತು. ಉಳಿದದ್ದು ಮೈ ತೊಳೆದ ನೀರು. ಅದರಲ್ಲಿದ್ದುದು ಸೀಗೆಪುಡಿ, ಅಂಟುವಾಳ, ಕಡಲೆಹಿಟ್ಟು, ಎಣ್ಣೆಯ ಜಿಡ್ಡು, ಒಂದಿಷ್ಟು ಮಣ್ಣು. ಎಲ್ಲವೂ ನೆಲದ ಸೂಕ್ಷ್ಮಜೀವಿಗಳು ಸುಲಭವಾಗಿ ಅರಗಿಸಿಕೊಳ್ಳುವ ಪದಾರ್ಥಗಳೇ. ಬೂದಿಯಲ್ಲಿರುವ ಪೊಟ್ಯಾಷ್ ಬಾಳೆಗೆ ಬೇಕಾದ ಗೊಬ್ಬರ. ಬಟ್ಟೆಯ ಕೊಳೆಯಾದರೋ ಬಹುಮಟ್ಟಿಗೆ ಊರೊಳಗೆ ಇಳಿಯುತ್ತಲೇ ಇರಲಿಲ್ಲ, ಅದು ಅಗಸರ ಕತ್ತೆಯ ಬೆನ್ನೇರಿ ಹಳ್ಳಕ್ಕೋ ಕೆರೆಯ ಕೋಡಿಗೋ ಹೋಗಿ ಚೌಳುಮಣ್ಣಿನೊಡನೆ ಅಲ್ಲಿಯೇ ಬಿಟ್ಟುಹೋಗುತ್ತಿತ್ತು.

ಬಚ್ಚಲಿನ ಹೊರಗೆ ಬಾಳೆ, ಕೆಸು, ಬಸಳೆ ನೆಡುವ ರೂಢಿಯನ್ನು ಇಲ್ಲಿ ತುಸು ನಿಂತು ನೋಡುವುದು ಉಚಿತ. ಬಾಳೆಯ ಅಗಲವಾದ ಎಲೆಗಳು ಬೇರು ಹೀರಿದ ನೀರನ್ನು ದಿನವಿಡೀ ಗಾಳಿಗೆ ಬಿಡುತ್ತವೆ, ಕೆಸುವಿನ ಬೇರು ಸದಾ ಒದ್ದೆಯಾದ ರೊಚ್ಚಿನಲ್ಲಿಯೂ ಕೊಳೆಯದೆ ಬದುಕುತ್ತದೆ. ಮೇಲ್ಮಣ್ಣಿನ ಒಂದೆರಡು ಅಡಿಗಳಲ್ಲಿ ಗಾಳಿಯಾಡುವ ಸಂದುಗಳೂ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳೂ ಇರುವುದರಿಂದ ನೀರಿನಲ್ಲಿದ್ದ ಜಿಡ್ಡು, ಕೊಳೆ ಅಲ್ಲಿ ಉರಿದು ಲವಣಗಳಾಗಿ ಗಿಡದ ಬೇರಿಗೆ ಒದಗುತ್ತವೆ. ಇದನ್ನೇ ಇಂದಿನ ಭಾಷೆಯಲ್ಲಿ ತ್ಯಾಜ್ಯನೀರಿನ ಸಂಸ್ಕರಣೆ ಎನ್ನುತ್ತಾರೆ. ಹಿತ್ತಿಲಿನ ಹೆಂಗಸರು ಅದಕ್ಕೆ ಹೆಸರಿಡಲಿಲ್ಲ, ಗಿಡ ಚೆನ್ನಾಗಿ ಬಂದದ್ದನ್ನು ಕಂಡು ನೆಡುತ್ತ ಹೋದರು.

ಆದರೆ ಈ ಏರ್ಪಾಡನ್ನು ಕೇವಲ ಹಿರಿಯರ ಜಾಣತನವೆಂದು ಹೊಗಳಿ ಮುಂದೆ ಹೋದರೆ ಚರಿತ್ರೆಗೆ ಅನ್ಯಾಯವಾಗುತ್ತದೆ. ಅದು ನಡೆದದ್ದು ಮುಖ್ಯವಾಗಿ ನೀರು ಕಡಿಮೆಯಿದ್ದುದರಿಂದ. ಪ್ರತಿ ಕೊಡವನ್ನೂ ಹೆಣ್ಣುಮಕ್ಕಳು ಬಾವಿಯಿಂದ ಸೇದಿ, ಸೊಂಟದ ಮೇಲೋ ತಲೆಯ ಮೇಲೋ ಹೊತ್ತು ತರಬೇಕಾಗಿದ್ದ ಮನೆಯಲ್ಲಿ ದಿನಕ್ಕೆ ಕೆಲವು ಕೊಡಗಳಿಗಿಂತ ಹೆಚ್ಚು ನೀರು ಬಚ್ಚಲಿಗೆ ಬೀಳುವುದು ಸಾಧ್ಯವಿರಲಿಲ್ಲ. ಹಿತ್ತಿಲು ತಡೆದುಕೊಂಡದ್ದು ಅವರ ಬೆನ್ನಿನ ನೋವು ಒದಗಿಸಿದಷ್ಟು ನೀರನ್ನು ಮಾತ್ರ. ಹಿತ್ತಿಲು ಎಲ್ಲರಿಗೂ ಇರಲಿಲ್ಲವೆಂಬುದು ಇನ್ನೊಂದು ಸಂಗತಿ. ಬಾವಿಯ ನೀರನ್ನು ಮುಟ್ಟಲೂ ಅವಕಾಶವಿಲ್ಲದ ಕೇರಿಗಳ ಜನರಿಗೆ ಬರುವ ನೀರೇ ಹೋರಾಟದ ಮಾತಾಗಿತ್ತು, ಮತ್ತು ಅನೇಕ ಊರುಗಳಲ್ಲಿ ಆ ಕೇರಿಗಳು ಊರಿನ ತಗ್ಗಿನಲ್ಲಿದ್ದುದರಿಂದ ಮೇಲಿನ ಬೀದಿಗಳ ಕೊಳೆ ಮಳೆಗಾಲದಲ್ಲಿ ಹರಿದು ಬಂದು ನಿಲ್ಲುತ್ತಿದ್ದುದೂ ಅಲ್ಲಿಯೇ.

ನಾಡಿನ ಎಲ್ಲ ಕಡೆ ಬಚ್ಚಲಿನ ನಡಾವಳಿ ಒಂದೇ ಆಗಿರಲಿಲ್ಲ, ಮಣ್ಣು ಅದನ್ನು ಬೇರೆಬೇರೆ ಮಾಡಿತ್ತು. ಕರಾವಳಿಯಲ್ಲಿ ಮನೆಗಳು ತಮ್ಮತಮ್ಮ ತೋಟಗಳ ನಡುವೆ ದೂರದೂರ ಚೆದುರಿ ನಿಂತಿದ್ದು, ಬಚ್ಚಲು ಕೊಟ್ಟಿಗೆ ಮುಖ್ಯ ಮನೆಯಿಂದ ಬೇರೆಯಾಗಿ ಇರುತ್ತಿತ್ತು; ಅಲ್ಲಿನ ಮುರಕಲ್ಲಿನ ನೆಲ, ಎಂದರೆ ತೂತುತೂತಾದ ಕೆಂಪು ಜಂಬಿಟ್ಟಿಗೆ, ಎಷ್ಟು ನೀರನ್ನಾದರೂ ಬೇಗ ಒಳಗೆಳೆದುಕೊಳ್ಳುತ್ತಿತ್ತು. ಬೇಗ ಇಂಗುವ ನೆಲ ಬೇಗ ಶೋಧಿಸುವ ನೆಲವಲ್ಲ ಎಂಬುದನ್ನು ಮುಂದೆ ಬಂದ ಶೌಚಗುಂಡಿಗಳೂ ಪಕ್ಕದ ಬಾವಿಗಳೂ ತೋರಿಸಿಕೊಟ್ಟವು. ದಕ್ಷಿಣದ ಕೆಂಪು ಮಣ್ಣು ಈ ಮುರಕಲ್ಲಿಗೂ ಉತ್ತರದ ಎರೆಮಣ್ಣಿಗೂ ನಡುವಣ ಹದದ್ದು. ವಿಜಯಪುರ, ಕಲಬುರಗಿ, ಬೀದರ್ ಕಡೆಯ ಎರೆನೆಲದ ಕಥೆ ಬೇರೆ: ಎರೆಮಣ್ಣು ನೀರು ಕುಡಿದು ಉಬ್ಬಿಕೊಂಡು ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ, ಒಣಗಿದಾಗ ಬಾಯ್ಬಿಟ್ಟು ಬಿರಿಯುತ್ತದೆ. ಅಲ್ಲಿನ ಊರುಗಳು ರಕ್ಷಣೆಗಾಗಿ ಒತ್ತೊತ್ತಾಗಿ, ಗೋಡೆಗೆ ಗೋಡೆ ತಾಗಿ ಬೆಳೆದವುಗಳಾದ್ದರಿಂದ ಹಿತ್ತಿಲಿನ ಅವಕಾಶವೂ ಕಡಿಮೆಯಿತ್ತು, ಬಚ್ಚಲ ನೀರು ಗೋಡೆಯ ತೂತಿನಿಂದ ನೇರವಾಗಿ ಓಣಿಗೆ ಬೀಳುತ್ತಿತ್ತು. ಗಟಾರ ಎಂಬ ಮಾತು ಆ ಸೀಮೆಯ ದಿನಬಳಕೆಯಲ್ಲಿ ಅಷ್ಟು ಗಟ್ಟಿಯಾಗಿ ಬೇರೂರಿರುವುದಕ್ಕೆ ಈ ಮಣ್ಣೂ ಓಣಿಯೂ ಕಾರಣವಾಗಿರಬೇಕು.

ಈ ನೀರಿನಲ್ಲಿ ಮಲ ಬೆರೆಯುತ್ತಿರಲಿಲ್ಲ ಎಂಬುದು ಹಳ್ಳಿಯ ಬಚ್ಚಲನ್ನು ನಗರದ ಒಳಚರಂಡಿಯಿಂದ ಬೇರ್ಪಡಿಸುವ ಮುಖ್ಯ ಸಂಗತಿ. ಊರವರು ಚೊಂಬು ಹಿಡಿದು ಬಯಲಿಗೆ ಹೋಗುತ್ತಿದ್ದರು. ಹೆಂಗಸರು ನಸುಕಿಗೋ ಕತ್ತಲಾದ ಮೇಲೋ ಮಾತ್ರ ಹೋಗಬೇಕಾಗಿದ್ದ ಆ ಪದ್ಧತಿಯ ಕಷ್ಟ ಒಂದು ಕಡೆಗಿದ್ದರೆ, ಬರಿಗಾಲಿನ ಚರ್ಮದ ಮೂಲಕ ಮೈಹೊಗುವ ಕೊಕ್ಕೆಹುಳು ಇನ್ನೊಂದು ಕಡೆಗೆ ಜನರ ರಕ್ತವನ್ನು ಹೀರಿ ಒಕ್ಕಲುತನದ ಶಕ್ತಿಯನ್ನೇ ಕುಗ್ಗಿಸಿತ್ತು. ಸರ್ಕಾರದ ಕಡತಗಳು ಇಂದು ಸ್ನಾನ, ಅಡುಗೆ, ಬಟ್ಟೆಯ ನೀರನ್ನು ‘ಬೂದು ನೀರು’ ಎಂದೂ ಶೌಚಾಲಯದ ನೀರನ್ನು ‘ಕಪ್ಪು ನೀರು’ ಎಂದೂ ಹೊಸದಾಗಿ ಹೆಸರಿಸುತ್ತಿವೆ. ಹಳೆಯ ಹಳ್ಳಿಯಲ್ಲಿ ಇದ್ದುದು ಮೊದಲನೆಯದು ಮಾತ್ರ. ಎರಡನೆಯದರ ಭಾರ ಪಟ್ಟಣಗಳಲ್ಲಿತ್ತು, ಅಲ್ಲಿ ಒಣ ಪಾಯಿಖಾನೆಯ ಮಲವನ್ನು ಒಂದು ಜಾತಿಯ ಜನರ ತಲೆಯ ಮೇಲೆ ಹೊರಿಸಲಾಗಿತ್ತು.

ರಾಜ್ಯಾಡಳಿತ ಈ ವಿಷಯಕ್ಕೆ ಕೈಹಾಕಿದ್ದು ತಡವಾಗಿ. 1898ರಲ್ಲಿ ಬೆಂಗಳೂರು, ಮೈಸೂರುಗಳಿಗೆ ಬಂದೆರಗಿದ ಪ್ಲೇಗು ನಗರಗಳ ಬೀದಿ, ಚರಂಡಿಗಳನ್ನು ಹೊಸದಾಗಿ ಯೋಚಿಸುವಂತೆ ಮಾಡಿತು, ಹಳ್ಳಿಗಳಿಗೆ ಆ ಯೋಚನೆ ಹರಿದು ಬರಲು ಇನ್ನೂ ಕಾಲ ಬೇಕಾಯಿತು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ದಿವಾನರಾಗುವ ಮೊದಲು ಮುಂಬಯಿ ಸರ್ಕಾರದಲ್ಲಿ ನೈರ್ಮಲ್ಯ ಎಂಜಿನಿಯರಾಗಿದ್ದು, 1906ರಲ್ಲಿ ಏಡನ್ ನಗರದ ನೀರು, ಚರಂಡಿಗಳ ವ್ಯವಸ್ಥೆಗೆ ಸಲಹೆ ನೀಡಿ ಬಂದವರು. ಅವರ ದಿವಾನಗಿರಿಯ ಕಾಲದಲ್ಲಿ ಆರಂಭವಾದ ಗ್ರಾಮೋನ್ನತಿಯ ಯೋಜನೆ ಊರವರ ಶ್ರಮದಿಂದಲೇ ಊರಿನ ಕೆಲಸ ನಡೆಯಬೇಕೆಂಬ ತತ್ತ್ವದ ಮೇಲೆ ನಿಂತಿತ್ತು.

1916ನೆಯ ಇಸವಿ ಈ ಚರಿತ್ರೆಯಲ್ಲಿ ವಿಶೇಷವಾದುದು, ಅದನ್ನು ಹಾಗೆ ಗುರುತಿಸುವ ರೂಢಿ ಇಲ್ಲದಿದ್ದರೂ. ಆ ವರ್ಷ ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಸಾಬೂನು ಕಾರ್ಖಾನೆ ಆರಂಭವಾಯಿತು. ಗಂಧದೆಣ್ಣೆಯ ಆ ಸಾಬೂನು ನಾಡಿನ ಹೆಮ್ಮೆಯಾಗಿ ಬೆಳೆಯಿತು, ಸೀಗೆ, ಅಂಟುವಾಳಗಳ ಬಚ್ಚಲಿಗೆ ಕಾರ್ಖಾನೆಯ ಸಾಬೂನು ಕಾಲಿಡುವ ಯುಗವೂ ಅದರೊಡನೆ ತೆರೆಯಿತು. ಅದೇ ವರ್ಷ ಭಾರತೀಯ ವಿಜ್ಞಾನ ಸಂಸ್ಥೆಗೆ ಗಿಲ್ಬರ್ಟ್ ಫೌಲರ್ ಎಂಬ ರಸಾಯನಶಾಸ್ತ್ರಜ್ಞ ಪ್ರಾಧ್ಯಾಪಕರಾಗಿ ಬಂದರು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಕೊಳೆನೀರಿನ ವಿಷಯದಲ್ಲಿ ಸಲಹೆಗಾರರಾಗಿದ್ದ ಅವರು 1912ರಲ್ಲಿ ಅಮೆರಿಕದ ಲಾರೆನ್ಸ್ ಎಂಬಲ್ಲಿ ಕೊಳೆನೀರಿಗೆ ಗಾಳಿಯೂಡುವ ಪ್ರಯೋಗಗಳನ್ನು ಕಂಡು, ಆ ಜಾಡಿನಲ್ಲಿ ಕೆಲಸ ಮಾಡುವಂತೆ ತಮ್ಮ ಬಳಗದ ಆರ್ಡೆರ್ನ್ ಮತ್ತು ಲಾಕೆಟ್ ಎಂಬಿಬ್ಬರಿಗೆ ಸೂಚಿಸಿದ್ದರು. ಆ ಇಬ್ಬರು 1914ರ ಏಪ್ರಿಲಿನಲ್ಲಿ ಪ್ರಕಟಿಸಿದ ‘ಸಕ್ರಿಯ ಕೆಸರು’ ವಿಧಾನವೇ ಇಂದು ಜಗತ್ತಿನ ಬಹುಪಾಲು ದೊಡ್ಡ ನಗರಗಳ ಕೊಳೆನೀರನ್ನು ಶುದ್ಧಗೊಳಿಸುತ್ತಿದೆ. ಕೊಳೆನೀರಿಗೆ ಗಾಳಿಯ ಗುಳ್ಳೆಗಳನ್ನು ಹಾಯಿಸಿದಾಗ ಅದರಲ್ಲಿನ ಸೂಕ್ಷ್ಮಜೀವಿಗಳು ಬೆಳೆದು ಹತ್ತಿಯ ಅರಳೆಯಂತೆ ಗುಂಪುಗೂಡುತ್ತವೆ, ಗಾಳಿ ನಿಲ್ಲಿಸಿದರೆ ತಳಕ್ಕಿಳಿದು ಕೆಸರಾಗುತ್ತವೆ. ಆ ಕೆಸರನ್ನು ಎಸೆಯದೆ ಮುಂದಿನ ನೀರಿಗೆ ಹೆಪ್ಪಿನಂತೆ ಬೆರೆಸಿದರೆ ವಾರಗಟ್ಟಲೆ ಹಿಡಿಯುತ್ತಿದ್ದ ಶುದ್ಧೀಕರಣ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಹೆಪ್ಪು ಹಾಕಿ ಮೊಸರು ಮಾಡುವ ಯಾವ ಮನೆಯವರಿಗೂ ಈ ತತ್ತ್ವ ಅಪರಿಚಿತವಲ್ಲ.

ಫೌಲರ್ ಅವರ ಆಸಕ್ತಿ ಶುದ್ಧ ನೀರಿಗಿಂತ ಮುಂದೆ ಹೋಗಿತ್ತು. ಊರುಗಳ ಹೊಲಸಿನಲ್ಲಿ ಕಳೆದುಹೋಗುವ ಸಾರಜನಕವನ್ನು, ಎಂದರೆ ಪೈರಿನ ಹಸುರಿಗೆ ಕಾರಣವಾದ ಮೂಲವಸ್ತುವನ್ನು, ಮಣ್ಣಿಗೆ ಹಿಂದಿರುಗಿಸುವುದು ಹೇಗೆ ಎಂಬ ಪ್ರಶ್ನೆ ಅವರನ್ನು ಭಾರತದಲ್ಲಿ ಹಿಡಿದಿಟ್ಟಿತು. ಸಕ್ರಿಯ ಕೆಸರಿನ ವಿಧಾನಕ್ಕೆ ಹಗಲಿರುಳೂ ಗಾಳಿಯೂದುವ ಯಂತ್ರ ಬೇಕು, ಯಂತ್ರಕ್ಕೆ ವಿದ್ಯುತ್ ಬೇಕು. 1905ರಲ್ಲಿಯೇ ಬೆಂಗಳೂರಿನ ಬೀದಿಗಳಿಗೆ ಶಿವನಸಮುದ್ರದ ವಿದ್ಯುತ್ ದೀಪ ಬಂದಿತ್ತಾದರೂ ಹಳ್ಳಿಗಳು ಇನ್ನೂ ಹಲವು ದಶಕ ಕತ್ತಲಲ್ಲಿದ್ದವು. ಹಳ್ಳಿಗೆ ಒಗ್ಗುವ ಉತ್ತರ ಅದೇ ಸಂಸ್ಥೆಯಿಂದ 1939ರಲ್ಲಿ ಬಂದಿತು. ಸಿ. ಎನ್. ಆಚಾರ್ಯ ಅವರು ರೂಪಿಸಿದ ಆ ಗೊಬ್ಬರದ ವಿಧಾನಕ್ಕೆ ಜಗತ್ತಿನ ಕೃಷಿ ಪುಸ್ತಕಗಳಲ್ಲಿ ಇಂದಿಗೂ ‘ಬೆಂಗಳೂರು ವಿಧಾನ’ ಎಂದೇ ಹೆಸರು. ಸುಮಾರು ಮೂರು ಅಡಿ ಆಳದ ಕಂದಕದಲ್ಲಿ ಊರಿನ ಕಸದ ದಪ್ಪ ಹಾಸು, ಅದರ ಮೇಲೆ ಮಲ ಅಥವಾ ಸಗಣಿಯ ತೆಳು ಹಾಸು, ಮತ್ತೆ ಕಸ, ಹೀಗೆ ಪದರಪದರವಾಗಿ ತುಂಬಿ, ಕೊನೆಗೆ ಕೆಸರುಮಣ್ಣಿನಿಂದ ಮೆತ್ತಿ ತಿಂಗಳುಗಟ್ಟಲೆ ಮುಟ್ಟದೆ ಬಿಡುವುದು ಇದರ ಕ್ರಮ. ಆಲ್ಬರ್ಟ್ ಹೊವರ್ಡ್ ಅವರು ಇಂದೋರಿನಲ್ಲಿ ಅದಕ್ಕಿಂತ ಮೊದಲೇ ರೂಪಿಸಿದ್ದ ವಿಧಾನದಲ್ಲಿ ರಾಶಿಯನ್ನು ಆಗಾಗ ಮಗುಚಬೇಕಾಗಿತ್ತು. ಬೆಂಗಳೂರಿನದು ಆ ಶ್ರಮವನ್ನು ತಪ್ಪಿಸಿತು, ಮುಚ್ಚಿದ ಮಣ್ಣು ತೇವವನ್ನೂ ಸಾರಜನಕವನ್ನೂ ಹಿಡಿದಿಟ್ಟಿತು, ನೊಣ ಮತ್ತು ವಾಸನೆಯನ್ನು ತಡೆಯಿತು. ಎರಡನೆಯ ಮಹಾಯುದ್ಧದ ಕಾಲದ ‘ಹೆಚ್ಚು ಆಹಾರ ಬೆಳೆಯಿರಿ’ ಆಂದೋಲನ ಇಂಥ ಗೊಬ್ಬರಕ್ಕೆ ಸರ್ಕಾರದ ಬೆಂಬಲವನ್ನೂ ತಂದಿತು.

ಈ ಸಾಧನೆಯನ್ನು ಮೆಚ್ಚುವಾಗಲೇ ಅದು ಕೇಳದೆ ಬಿಟ್ಟ ಪ್ರಶ್ನೆಯನ್ನೂ ಹೇಳಬೇಕು. ಕಂದಕದವರೆಗೆ ಮಲವನ್ನು ತರುವವರು ಯಾರು? ಪದರಗಳ ದಪ್ಪ, ಕೊಳೆಯುವ ಅವಧಿ, ಹುಳುಗಳ ಮೊಟ್ಟೆಯನ್ನು ಕೊಲ್ಲುವ ಬಿಸಿ ಇವೆಲ್ಲವನ್ನೂ ಅಳೆದ ವಿಜ್ಞಾನ, ಬುಟ್ಟಿ ಹೊತ್ತವರ ಜಾತಿಯನ್ನು ಪ್ರಕೃತಿಯ ನಿಯಮವೆಂಬಂತೆ ಒಪ್ಪಿಕೊಂಡಿತ್ತು. ಮಣ್ಣಿಗೆ ಅದು ತೋರಿದ ಗೌರವ ಆ ಮನುಷ್ಯರಿಗೆ ದೊರೆಯಲಿಲ್ಲ. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಲು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರಂಥ ಸಚಿವರು ಬೇಕಾದರು, ದೇಶಕ್ಕೆ 1993ರ ಕಾಯಿದೆ, ಮತ್ತೆ 2013ರ ಇನ್ನೊಂದು ಕಾಯಿದೆ ಬೇಕಾಯಿತು. ಅವುಗಳ ನಡುವೆ, 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನ ಪೌರಕಾರ್ಮಿಕ ಕುಟುಂಬಗಳು ತಮ್ಮ ಮೈಗೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಗಿ ಬಂದಿತು. ಹಳ್ಳಿಗಳು ಹಳೆಯ ಬಚ್ಚಲಿನ ಹಂತದಿಂದ ಶೌಚಾಲಯದ ಹಂತಕ್ಕೆ ಬರುವಾಗ ಈ ನೆನಪು ಜೊತೆಗಿರಬೇಕಾಗಿತ್ತು.

ಹಳ್ಳಿಯ ಬಚ್ಚಲಿನ ಲೆಕ್ಕವನ್ನು ತಲೆಕೆಳಗು ಮಾಡಿದ್ದು ಕೊಳವೆಬಾವಿ ಮತ್ತು ನಲ್ಲಿ. ಕೈಪಂಪಿನ ಕಾಲದಲ್ಲಿ ಸರ್ಕಾರ ಒಬ್ಬರಿಗೆ ದಿನಕ್ಕೆ 40 ಲೀಟರು ಎಂಬ ಗುರಿಯಿಟ್ಟುಕೊಂಡಿದ್ದರೂ ನೀರನ್ನು ಹೊತ್ತೇ ತರಬೇಕಾಗಿತ್ತು. ಬಳಿಕ ಬೀದಿಯ ಕಿರುನೀರು ತೊಟ್ಟಿಗಳು, ಓವರ್‌ಹೆಡ್ ಟ್ಯಾಂಕುಗಳು, ಮನೆಯ ನಲ್ಲಿಗಳು ಬಂದವು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯ ಗುರಿ ಪ್ರತಿ ಮನೆಗೆ ನಲ್ಲಿ, ಒಬ್ಬರಿಗೆ ದಿನಕ್ಕೆ 55 ಲೀಟರು. ಸಾವಿರ ಜನರ ಒಂದು ಊರಿಗೆ ಇದನ್ನು ಅನ್ವಯಿಸಿದರೆ ದಿನಕ್ಕೆ 55,000 ಲೀಟರು ಒಳಗೆ ಬರುತ್ತದೆ. ಅದರಲ್ಲಿ ನೂರಕ್ಕೆ ಎಪ್ಪತ್ತು ಪಾಲು ಬಳಕೆಯಾಗಿ ಹೊರಬೀಳುತ್ತದೆಂದು ಹಿಡಿದರೂ 38,500 ಲೀಟರು, ಎಂದರೆ ಏಳೆಂಟು ನೀರಿನ ಟ್ಯಾಂಕರುಗಳಷ್ಟು ಕೊಳೆನೀರು, ಪ್ರತಿದಿನವೂ ಊರಿನ ನೆಲದ ಮೇಲೆ ಎಲ್ಲಿಯಾದರೂ ಜಾಗ ಕೇಳುತ್ತದೆ. ಬೆನ್ನು ಬಾಗಿಸಿ ಕೊಡ ಹೊರುವ ಬದುಕಿನಿಂದ ಹೆಂಗಸರನ್ನು ಬಿಡಿಸಿದ ಈ ನಲ್ಲಿ ನಿಜಕ್ಕೂ ದೊಡ್ಡ ವಿಮೋಚನೆ. ಅದರ ಮರುಪಾಲಾದ ಹೊರನೀರಿನ ಲೆಕ್ಕವನ್ನು ಅದೇ ಕಡತದಲ್ಲಿ ಬರೆಯದೆ ಹೋದದ್ದು ಯೋಜಕರ ತಪ್ಪು, ನೀರು ಪಡೆದವರದಲ್ಲ.

ನೀರಿನ ಪ್ರಮಾಣದೊಡನೆ ಅದರ ಗುಣವೂ ಬದಲಾಯಿತು. ನಲ್ಲಿ ಬಂದಮೇಲೆ ಬಟ್ಟೆ ಒಗೆಯುವ ಕೆಲಸ ಹಳ್ಳದಿಂದ ಮನೆಯಂಗಳಕ್ಕೆ ಬಂದಿತು. 1969ರಲ್ಲಿ ಗುಜರಾತಿನಲ್ಲಿ ಹುಟ್ಟಿದ ನಿರ್ಮಾದಂಥ ಅಗ್ಗದ ಪುಡಿಗಳು ಒಂದೆರಡು ದಶಕಗಳಲ್ಲಿ ಹಳ್ಳಿಯ ಗೂಡಂಗಡಿಗಳನ್ನು ತಲುಪಿದವು. ಬೂದಿಯ ಪೊಟ್ಯಾಷ್ ಗಿಡಕ್ಕೆ ಆಹಾರವಾದರೆ ಪುಡಿಯ ಸೋಡಿಯಂ ಜೇಡಿಮಣ್ಣಿನ ಕಣಗಳನ್ನು ಚೆದುರಿಸಿ ನೆಲದ ಸಂದುಗಳನ್ನು ಮುಚ್ಚಿಸುತ್ತದೆ, ಹೀಗಾಗಿ ಹೆಚ್ಚಿದ ನೀರನ್ನು ಇಂಗಿಸಬೇಕಾದ ಹಿತ್ತಿಲಿನ ಶಕ್ತಿ ಕುಗ್ಗುತ್ತಲೇ ಹೋಯಿತು. ಹಸು ಕರು ಕಡಿಮೆಯಾದ ಮನೆಗಳಲ್ಲಿ ಕಲಗಚ್ಚು ಕುಡಿಯುವವರಿಲ್ಲದೆ ಅದೂ ಬಚ್ಚಲಿಗೆ ಸೇರಿತು. ಹಿತ್ತಿಲು ಮಕ್ಕಳಿಗೆ ಪಾಲಾಗಿ ಹೊಸ ಮನೆಗಳಾದವು.

ಇದಕ್ಕೆ ಪಂಚಾಯತಿಗಳು ಕಂಡುಕೊಂಡ ಉತ್ತರ ಚರಂಡಿ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆ ನೈರ್ಮಲ್ಯವನ್ನು ಗ್ರಾಮ ಪಂಚಾಯತಿಯ ಹೊಣೆಯಾಗಿಸಿತು. ಅದೇ ವರ್ಷ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಗ್ರಾಮೀಣ ನೀರು ಮತ್ತು ಪರಿಸರ ನೈರ್ಮಲ್ಯ ಯೋಜನೆ ಹತ್ತು ಜಿಲ್ಲೆಗಳ ಹಳ್ಳಿಗಳಲ್ಲಿ ನೀರಿನ ಕೊಳವೆಯ ಜೊತೆಗೆ ಬೀದಿ ಚರಂಡಿಗಳನ್ನೂ ಕಟ್ಟಿಸಿತು, ಹೊಸ ಶತಮಾನದ ಆರಂಭದಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಿಗೆ ‘ಜಲನಿರ್ಮಲ’ ಯೋಜನೆ ಬಂದಿತು. ಕೆಸರು ತುಂಬಿದ ಓಣಿಗಳಲ್ಲಿ ಓಡಾಡುತ್ತಿದ್ದವರಿಗೆ ಕಲ್ಲುಹಾಸಿದ ಬೀದಿ ಮತ್ತು ಕಾಂಕ್ರೀಟು ಚರಂಡಿ ದೊಡ್ಡ ಉಪಕಾರವೇ ಆಗಿತ್ತು. ಆದರೆ ಚರಂಡಿ ನೀರನ್ನು ಶುದ್ಧಗೊಳಿಸುವುದಿಲ್ಲ, ಅದು ಒಂದು ಮನೆಯ ನೀರನ್ನು ಇನ್ನೊಂದು ಮನೆಯ ಮುಂದೆ ತಂದು, ಕೊನೆಗೆ ಎಲ್ಲವನ್ನೂ ಊರಿನ ತಗ್ಗಿಗೆ ಒಪ್ಪಿಸುತ್ತದೆ. ಆ ತಗ್ಗು ಬಹುತೇಕ ಕಡೆ ಪೂರ್ವಿಕರು ಮಳೆನೀರಿಗಾಗಿ ಆರಿಸಿದ ಕೆರೆ ಕಟ್ಟೆಗಳ ಜಾಗ. ದತ್ತಿ ಬಿಟ್ಟು ಕಾಪಾಡಿದ ಕೆರೆಗೆ ದತ್ತಿಯಿಲ್ಲದ ನೀರು ಬಂದು ಸೇರಿದ್ದು ಹೀಗೆ. ಚರಂಡಿಯ ನಿಂತ ಕೊಳೆನೀರು ಕ್ಯೂಲೆಕ್ಸ್ ಎಂಬ ಸೊಳ್ಳೆಗೆ ಅಚ್ಚುಮೆಚ್ಚಿನ ತೊಟ್ಟಿಲು. ಆನೆಕಾಲು ರೋಗವನ್ನು ಹರಡುವ ಸೊಳ್ಳೆ ಅದೇ. ಕಲಬುರಗಿ, ಬೀದರ್ ಕಡೆಯ ಜನ ಆ ರೋಗವನ್ನು ತಲೆಮಾರುಗಳಿಂದ ಅನುಭವಿಸಿದ್ದಾರೆ.

ಶೌಚಾಲಯಗಳ ಆಂದೋಲನ ಇನ್ನೊಂದು ಗೊಂದಲವನ್ನು ತಂದಿತು. 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಯೋಜನೆ ಹಳ್ಳಿಗಳಿಗೆ ಶಿಫಾರಸು ಮಾಡಿದ್ದು ಜೋಡಿಗುಂಡಿಯ ಶೌಚಾಲಯವನ್ನು: ಒಂದು ಗುಂಡಿ ತುಂಬಿದಾಗ ನೀರನ್ನು ಎರಡನೆಯದಕ್ಕೆ ತಿರುಗಿಸಿ, ಮೊದಲನೆಯದನ್ನು ಒಂದೆರಡು ವರ್ಷ ಮುಚ್ಚಿಟ್ಟರೆ ಒಳಗಿನದು ವಾಸನೆಯಿಲ್ಲದ ಕಪ್ಪುಮಣ್ಣಾಗುತ್ತದೆ, ಯಾರೂ ಮಲವನ್ನು ಮುಟ್ಟಬೇಕಾಗುವುದಿಲ್ಲ. ಆದರೆ ಕೈಯಲ್ಲಿ ಹಣವಿದ್ದವರು, ಎಂದಾದರೊಂದು ದಿನ ಗುಂಡಿ ಬರಿದು ಮಾಡಬೇಕೆಂಬ ಅಂಜಿಕೆಯಿಂದ, ಹತ್ತಾರು ವರ್ಷ ತುಂಬದಂಥ ಒಂದೇ ಆಳದ ಗುಂಡಿ ತೋಡಿಸಿ ಅದನ್ನು ಸೆಪ್ಟಿಕ್ ಟ್ಯಾಂಕ್ ಎಂದು ಕರೆದರು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ವೆಸೂಲ್ ಎಂಬ ಸಣ್ಣ ಊರಿನಲ್ಲಿ ಮೂರಾಸ್ ಎಂಬಾತ ಮೊದಲು ಕಟ್ಟಿದ ಸೆಪ್ಟಿಕ್ ಟ್ಯಾಂಕ್ ನಿಜವಾಗಿ ನೀರು ಸೋರದ ತೊಟ್ಟಿ. ಅದರಲ್ಲಿ ಗಟ್ಟಿಯಾದದ್ದು ತಳಕ್ಕಿಳಿದು ಗಾಳಿಯಿಲ್ಲದೆ ಕೊಳೆಯುತ್ತದೆ, ಮೇಲಿನ ನೀರು ಇನ್ನೂ ಕೊಳೆಯಾಗಿಯೇ ಹೊರಬರುವುದರಿಂದ ಅದನ್ನು ಮತ್ತೆ ನೆಲಕ್ಕೆ ಇಂಗಿಸಿ ಶೋಧಿಸಬೇಕು. ತಳವಿಲ್ಲದ ಆಳವಾದ ಗುಂಡಿ ಇವೆರಡನ್ನೂ ಮಾಡುವುದಿಲ್ಲ, ಮುರಕಲ್ಲಿನ ನೆಲದಲ್ಲಿ ಅದು ನೇರವಾಗಿ ಬಾವಿಯ ಸೆಲೆಗೆ ಸೇರಿಕೊಳ್ಳುತ್ತದೆ. ಗುಂಡಿ ತುಂಬಿದಾಗ ಕೆಸರನ್ನು ಹೀರಿ ಒಯ್ಯುವ ಲಾರಿಗಳಿಗೆ ಅದನ್ನು ಸುರಿಯಲು ಗೊತ್ತಾದ ಜಾಗವಿರಲಿಲ್ಲ, ಬೆಂಗಳೂರಿನ ಸುತ್ತಲಿನ ರೈತರು ಕೆಲವರು ಬಾಳೆ, ತೆಂಗಿಗಾಗಿ ಅದನ್ನು ಪಡೆದುಕೊಂಡರು. 2015ರಲ್ಲಿ ದೇವನಹಳ್ಳಿಯಲ್ಲಿ ದಿನಕ್ಕೆ 6,000 ಲೀಟರು ಕೆಸರನ್ನು ಒಣಗಿಸಿ ಗೊಬ್ಬರವಾಗಿಸುವ ಘಟಕ ಆರಂಭವಾದಾಗ ಅದು ದೇಶದ ಇಂಥ ಮೊದಲ ಪಟ್ಟಣಮಟ್ಟದ ಏರ್ಪಾಡೆಂದು ಹೆಸರಾಯಿತು. ಆಚಾರ್ಯ ಅವರ ಕಂದಕದ ವಿದ್ಯೆ ತಲೆಹೊರೆಯಿಲ್ಲದೆ ಅದೇ ಬೆಂಗಳೂರಿನ ನೆರೆಗೆ ಮರಳಿತೆಂದು ಇದನ್ನು ಓದಬಹುದು.

ಬೂದು ನೀರಿನ ವಿಷಯದಲ್ಲಿಯೂ ಇಂಥದೇ ಮರಳಿಕೆಯೊಂದು ನಡೆದಿದೆ. ಬೀದರಿಗೆ ಹೊಂದಿಕೊಂಡ ಮಹಾರಾಷ್ಟ್ರದ ನಾಂದೇಡ್ ಜಿಲ್ಲೆಯ ಹಳ್ಳಿಗಳು ಪ್ರತಿ ಮನೆಯ ಮುಂದೆ ಇಂಗುಗುಂಡಿ ತೋಡಿ ತೆರೆದ ಚರಂಡಿಯನ್ನು ಕೈಬಿಟ್ಟು ಸೊಳ್ಳೆಯನ್ನು ಇಳಿಸಿದ ಮಾದರಿ ದೇಶದ ಗಮನ ಸೆಳೆಯಿತು. ಸ್ವಚ್ಛ ಭಾರತದ ಎರಡನೆಯ ಹಂತ 2020ರ ಬಳಿಕ ಬೂದು ನೀರಿಗೆಂದೇ ಹಣ ಗೊತ್ತುಮಾಡಿ, 5,000 ಜನಸಂಖ್ಯೆಯವರೆಗಿನ ಊರಿಗೆ ತಲೆಗೆ 280 ರೂಪಾಯಿ, ಅದಕ್ಕಿಂತ ದೊಡ್ಡ ಊರಿಗೆ 660 ರೂಪಾಯಿಯ ಮಿತಿಯಿಟ್ಟಿತು. 2021ರ ‘ಸುಜಲಾಮ್’ ಅಭಿಯಾನ ನೂರು ದಿನಗಳಲ್ಲಿ ಹತ್ತು ಲಕ್ಷ ಇಂಗುಗುಂಡಿಗಳ ಗುರಿ ಹೊತ್ತುಕೊಂಡಿತ್ತು. ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯಡಿ ಈ ಕೆಲಸಕ್ಕೆ ಕೊಟ್ಟ ಹೆಸರು ‘ಬಚ್ಚಲುಗುಂಡಿ’. ನೂರಾರು ವರ್ಷ ಹಿತ್ತಿಲಿನಲ್ಲಿದ್ದ ಮಾತು ಹೀಗೆ ಪಂಚಾಯತಿಯ ಕ್ರಿಯಾಯೋಜನೆಯೊಳಗೆ ಬಂದಿದೆ. ಸುಮಾರು ಒಂದು ಮೀಟರು ಉದ್ದ, ಅಗಲ, ಆಳದ ಗುಂಡಿಯ ತಳಕ್ಕೆ ದಪ್ಪ ಕಲ್ಲು, ಮೇಲಕ್ಕೆ ಜಲ್ಲಿ, ನೀರು ಬೀಳುವ ಬಾಯಿಗೆ ಜಿಡ್ಡು, ಕೂದಲು ತಡೆಯುವ ಸಣ್ಣ ತೊಟ್ಟಿ ಅಥವಾ ತೂತುಮಡಕೆ. ಕಲ್ಲುಗಳ ಮೈಗೆ ಅಂಟಿ ಬೆಳೆದ ಸೂಕ್ಷ್ಮಜೀವಿಗಳು ಹಳೆಯ ಬಾಳೆಪಾತಿಯ ಕೆಲಸವನ್ನು ತುಸು ಕಡಿಮೆ ಜಾಗದಲ್ಲಿ ಮಾಡುತ್ತವೆ. ಕೆಂಪುಮಣ್ಣಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ.

ಎರೆನೆಲದಲ್ಲಿ ನಡೆಯುವುದಿಲ್ಲ, ಮತ್ತು ಒಂದೇ ನಕ್ಷೆಯನ್ನು ನಾಡಿಗೆಲ್ಲ ಕಳಿಸುವ ಕಚೇರಿಗಳ ಅಭ್ಯಾಸ ಇಲ್ಲಿ ಹೆಚ್ಚು ಹಾನಿ ಮಾಡಿದೆ. ಉಬ್ಬಿಕೊಳ್ಳುವ ಮಣ್ಣಿನಲ್ಲಿ ಗುಂಡಿ ಕೆಲವೇ ತಿಂಗಳಲ್ಲಿ ತುಂಬಿ ನಿಂತು, ಓಣಿಯ ಗಟಾರದ ಬದಲು ಮನೆಬಾಗಿಲ ಹೊಂಡವಾಗುತ್ತದೆ. ಅಂಥ ಊರುಗಳಿಗೆ ಬೇಕಾದದ್ದು ಚರಂಡಿಯ ಕೊನೆಯಲ್ಲಿ, ನೀರು ಕೆರೆಗೆ ಬೀಳುವ ಮೊದಲು, ಒಂದರ ಹಿಂದೊಂದು ಆಳವಿಲ್ಲದ ಹೊಂಡಗಳು: ಮೊದಲಿನದರಲ್ಲಿ ಕೆಸರು ತಳಕ್ಕಿಳಿಯುತ್ತದೆ, ಮುಂದಿನವುಗಳಲ್ಲಿ ಬಿಸಿಲು ಮತ್ತು ಪಾಚಿಯ ಆಮ್ಲಜನಕ ಸೂಕ್ಷ್ಮಜೀವಿಗಳಿಗೆ ಉಸಿರು ಕೊಡುತ್ತವೆ. ಜಾಗ ಕಡಿಮೆಯಿದ್ದರೆ ಜಲ್ಲಿ ತುಂಬಿದ ತೊಟ್ಟಿಯಲ್ಲಿ ಆಪುಹುಲ್ಲು, ಕಾಬಾಳೆ ನೆಟ್ಟು ನೀರನ್ನು ಬೇರಿನ ನಡುವೆ ನಿಧಾನವಾಗಿ ಹಾಯಿಸುತ್ತಾರೆ. ಕಾಬಾಳೆಯನ್ನು ಎಂಜಿನಿಯರರು ಆರಿಸಿಕೊಂಡ ಕಾರಣವೂ ಹಿತ್ತಿಲಿನವರು ಬಾಳೆಯನ್ನು ಆರಿಸಿಕೊಂಡದ್ದರದೇ: ಎಲೆ ಅಗಲ, ಬೇರಿಗೆ ಒದ್ದೆಯ ಅಂಜಿಕೆಯಿಲ್ಲ.

ಗುಂಡಿಯಾಗಲಿ ಹೊಂಡವಾಗಲಿ ಕೆಲವು ವರ್ಷಗಳಿಗೊಮ್ಮೆ ಜಿಡ್ಡುಗಟ್ಟುತ್ತದೆ. ಕಲ್ಲುಗಳನ್ನು ಹೊರತೆಗೆದು ತೊಳೆದು ಒಣಗಿಸಿ ಮತ್ತೆ ಜೋಡಿಸಬೇಕು, ಹೊಂಡದ ತಳದ ಕೆಸರನ್ನು ಎತ್ತಬೇಕು, ಚರಂಡಿಯ ಹೂಳು ತೆಗೆಯಬೇಕು. ಬಚ್ಚಲು ಮನೆಯದಾಗಿದ್ದಾಗ ಈ ಕೆಲಸ ಮನೆಯವರದಾಗಿತ್ತು. ನೀರು ಬೀದಿಗೆ ಬಂದಮೇಲೆ ಅದು ಪಂಚಾಯತಿಯದಾಯಿತು. ಗ್ರಾಮ ಪಂಚಾಯತಿಯ ಸಿಬ್ಬಂದಿಯ ಪಟ್ಟಿಯಲ್ಲಿ ಬರುವ ನೀರನ್ನು ನೋಡಿಕೊಳ್ಳಲು ಮೋಟಾರು ಹಾಕಿ ವಾಲ್ವು ತಿರುಗಿಸುವ ವಾಟರ್‌ಮನ್ ಇದ್ದಾನೆ, ಅನೇಕ ಕಡೆ ಅವನನ್ನು ಇಂದಿಗೂ ನೀರುಗಂಟಿ ಎಂದೇ ಕರೆಯುತ್ತಾರೆ. ಅದೇ ಪಟ್ಟಿಯ ಕೆಳಗಿನ ಸಾಲಿನಲ್ಲಿ ಸ್ವಚ್ಛತಾಗಾರ ಎಂಬ ಹುದ್ದೆಯಿದೆ. ಊರಿನ ಹೋಗುವ ನೀರೆಲ್ಲ ಆ ಒಬ್ಬರ ಸನಿಕೆಯ ಪಾಲಿಗೆ ಬಂದಿದೆ, ಮತ್ತು ಆ ಹುದ್ದೆಗೆ ಬರುವವರು ಬಹುಮಟ್ಟಿಗೆ ಊರಿನ ತಗ್ಗಿನಲ್ಲಿದ್ದ ಆ ಹಳೆಯ ಕೇರಿಗಳವರೇ ಆಗಿದ್ದಾರೆ.